ಶೆರಿಡನ್‌ನ 'ದಿ ರೈವಲ್ಸ್': ಜ್ಯಾಕ್‌ಗೆ ಅಂಟು ಮೀಸೆ ಬೇಕಾ?

ಸೈಡ್‌ವಿಂಗ್:
ನಮ್ಮ ಹವ್ಯಾಸಿ ನಾಟಕ ತಂಡ ಈ ಸಲ ಶೆರಿಡನ್ ಬರೆದ ಹದಿನೆಂಟನೇ ಶತಮಾನದ ಇಂಗ್ಲಿಷ್ ಹಾಸ್ಯನಾಟಕ 'ದಿ ರೈವಲ್ಸ್' ಕೈಗೆತ್ತಿಕೊಂಡಿದೆ. ಕ್ಯಾಪ್ಟನ್ ಜ್ಯಾಕ್ ಆಬ್ಸೊಲ್ಯೂಟ್, ಬೆವರ್ಲಿ ಅನ್ನೋ ಬಡ ಸಿಪಾಯಿ ಅಧಿಕಾರಿ ಅಂತ ಹೇಳ್ಕೊಂಡು ಲಿಡಿಯಾ ಹಿಂದೆ ಬಿದ್ದಿರ್ತಾನಲ್ಲ, ಅದಕ್ಕೆ ಬೇರೆ ವಿಗ್ಗು, ಅಂಟು ಮೀಸೆ ಬೇಕೇ ಬೇಕು ಅಂತ ನಮ್ಮ ಮೇಕಪ್‌ನವರ ಹಟ. ಇನ್ನೊಂದು, ಪ್ರೀತಿಸಿದವನೇ ಸಾಹುಕಾರನ ಮಗ ಅಂತ ಗೊತ್ತಾದ್ಮೇಲೆ ಆ ಹುಡುಗಿ ಖುಷಿಪಡೋದು ಬಿಟ್ಟು ಮುನಿಸಿಕೊಳ್ಳೋದ್ಯಾಕೆ? ನಮ್ಮ ಲಿಡಿಯಾಗೆ ಅಲ್ಲಿ ಹೇಗೆ ಆಡಬೇಕು ಅಂತಲೇ ತಿಳೀತಿಲ್ಲ.

ಹಳೇ ಪ್ರಾಂಪ್ಟರ್:
ಮೀಸೆ ಡಬ್ಬಿ ಮುಚ್ಚಿಡಿ ಮಾರಾಯ್ರೆ. ಜ್ಯಾಕ್ ಬದಲಾಯಿಸಿರೋದು ಹೆಸರು, ಹುದ್ದೆ, ಅಷ್ಟೇ. ಮುಖ ಅದೇ ಇರಬೇಕು.

ಮೂರನೇ ಅಂಕದ ಮೂರನೇ ದೃಶ್ಯ ತೆಗೀರಿ. ಜ್ಯಾಕ್ ಅಲ್ಲಿಗೆ ಬರೋದು ನಿಜವಾದ ಹೆಸರಲ್ಲೇ, ಹಿರಿಯರು ಲಿಡಿಯಾಗೆ ಗೊತ್ತು ಮಾಡಿದ ವರ ಅಂತ. ಲಿಡಿಯಾನ ಸಾಕ್ತಿರೋ ಮಿಸೆಸ್ ಮಾಲಪ್ರಾಪ್, ಬೆವರ್ಲಿ ಬರೆದ ಕಾಗದ ಸಿಕ್ಕಿಬಿತ್ತು ಅಂತ ಇವನಿಗೇ ತೋರಿಸ್ತಾಳೆ. ಬರೆದವನು ಇವನೇ! ಅದರಲ್ಲಿ ಆಯಮ್ಮನನ್ನ ಮುದಿ ರಾಕ್ಷಸಿ ಅನ್ನೋ ಧಾಟೀಲಿ ಬೈದಿದಾನೆ. ಆ ಸಾಲನ್ನ ಅವಳೆದುರಿಗೇ ಓದಿ, 'ಎಂಥ ಅಧಿಕಪ್ರಸಂಗಿ ಇವನು' ಅಂತ ತಾನೇ ಶಾಪ ಹಾಕ್ಬೇಕು. ಮುಂದಿನ ಸಾಲಲ್ಲಿ, ಆ ಮುದುಕಿ ಒಪ್ಪಿಗೆ ಪಡೆದೇ ನಿನ್ನ ನೋಡ್ತೀನಿ, ಅವಳನ್ನೇ ಮಧ್ಯಸ್ಥಿಕೆಗೆ ಹಾಕ್ತೀನಿ ಅಂತಿದೆ. ಆಯಮ್ಮ ಅದನ್ನ ಕೇಳಿಸ್ಕೊಂಡು, ತಾನೇ ಲಿಡಿಯಾನ ಕರೆಸ್ತಾಳೆ!

ಲಿಡಿಯಾ ಬಂದಾಗ ಇವನ ವಿವರಣೆ ಕೇಳಿ: 'ನಾನು ಬೆವರ್ಲಿನೇ, ನಿನ್ನ ನೋಡೋಕೆ ಕ್ಯಾಪ್ಟನ್ ಆಬ್ಸೊಲ್ಯೂಟ್ ಅಂತ ಸುಳ್ಳು ಹೇಳ್ಕೊಂಡು ಬಂದೆ.' ತನ್ನ ನಿಜವಾದ ಹೆಸರನ್ನೇ ವೇಷ ಮಾಡ್ಕೊಂಡ. ಒಂದೇ ಮುಖ, ಒಂದೇ ಕೋಣೆ, ಇಬ್ಬರು ಹೆಂಗಸರಿಗೆ ಇಬ್ಬರು ಗಂಡಸರು. ಮೀಸೆ ಅಂಟಿಸಿದ್ರೆ ಈ ದೃಶ್ಯ ಸತ್ತೇಹೋಯ್ತು.

ವಿಗ್ಗಿನ ದುಡ್ಡು ಖರ್ಚು ಮಾಡ್ಲೇಬೇಕು ಅಂದ್ರೆ ಬಾಬ್ ಏಕರ್ಸ್ ತಲೆಗೆ ಮಾಡಿ. ಹಳ್ಳಿ ಜಮೀನ್ದಾರ, ಬಾತ್ ಪಟ್ಟಣಕ್ಕೆ ಬಂದು ಕೂದಲು ಗುಂಗುರು ಮಾಡಿಸ್ಕೊಂಡು ಶೋಕಿಲಾಲ ಆಗೋಕೆ ಹೊರಟವನು. ನಿಜವಾಗಿ ವೇಷ ಕಟ್ಟಿರೋನು ಅವನೇ. ಇವನಿಗೂ ಲಿಡಿಯಾ ಮೇಲೆ ಕಣ್ಣು, ಅದಕ್ಕೇ ಬೆವರ್ಲಿಗೆ ದ್ವಂದ್ವಯುದ್ಧದ ಸವಾಲು ಬರೆದು, 'ತಲುಪಿಸಪ್ಪ' ಅಂತ ಜ್ಯಾಕ್ ಕೈಗೇ ಕೊಡ್ತಾನೆ. ನಾನು ವಾರಕ್ಕೊಂದು ಹೆಣ ಬೀಳಿಸ್ತೀನಿ ಅಂತ ಹೇಳು ಅಂತ ಬೇರೆ! ಕೊನೆಗೆ ಮೈದಾನದಲ್ಲಿ ಸ್ನೇಹಿತನೇ ಬೆವರ್ಲಿ ಅಂತ ಗೊತ್ತಾದ ತಕ್ಷಣ, ನಂಗೆ ಹುಡುಗಿನೂ ಬೇಡ, ಜಗಳನೂ ಬೇಡ.

ಕಾದಂಬರಿಹುಚ್ಚಿ:
ಲಿಡಿಯಾ ವಿಷಯ ನಾನು ಹೇಳ್ತೀನಿ. ಅವಳಿಗೆ ಹದಿನೇಳು ವರ್ಷ, ಬಾಡಿಗೆ ಕಾದಂಬರಿ ಓದೋ ಚಟ. ಬೆವರ್ಲಿ ಜೊತೆ ಒಂದು ಜಗಳನೂ ಆಗ್ಲಿಲ್ಲವಲ್ಲ ಅಂತ ಬೇಜಾರಾಗಿ, ಅವನ ಮೇಲೆ ದೂರು ಹೇಳೋ ಕಾಗದನ ತಾನೇ ತನಗೆ ಬರ್ಕೊಂಡವಳು! ಅವಳಿಗೆ ಬೇಕಾಗಿದ್ದು ಓಡಿಹೋಗೋದು. ಹಗ್ಗದ ಏಣಿ, ಬೆಳದಿಂಗಳು, ನಾಲ್ಕು ಕುದುರೆ ಗಾಡಿ, ಸ್ಕಾಟ್ಲೆಂಡ್ ಪಾದ್ರಿ. 1753ರ ಕಾಯ್ದೆ ಪ್ರಕಾರ ಇಂಗ್ಲೆಂಡಲ್ಲಿ 21 ತುಂಬದವರು ಲೈಸೆನ್ಸ್ ತಗೊಂಡು ಮದುವೆಯಾಗೋಕೆ ಹಿರಿಯರ ಒಪ್ಪಿಗೆ ಬೇಕಿತ್ತು, ಸ್ಕಾಟ್ಲೆಂಡಿಗೆ ಅದು ಅನ್ವಯಿಸ್ತಿರಲಿಲ್ಲ. ಅದಕ್ಕೇ ಗಡಿ ದಾಟೋ ಕನಸು. ಈಗ ನೋಡಿದ್ರೆ ಮನೆಯವರು ಗೊತ್ತು ಮಾಡಿದ ವರನೇ ಪ್ರಿಯಕರ. ಏಣಿನೂ ಇಲ್ಲ, ಗಾಡಿನೂ ಇಲ್ಲ! ನಿಮ್ಮ ಹುಡುಗಿ ಅಳಬಾರದು, ಮೋಸಹೋದ ಗಿರಾಕಿ ಥರ ಉರಿಬೇಕು.

ಅಂದಹಾಗೆ ಶೆರಿಡನ್ 1772ರಲ್ಲಿ ಬಾತ್‌ನಿಂದ ಗಾಯಕಿ ಎಲಿಜಬೆತ್ ಲಿನ್ಲಿಯನ್ನ ಕರ್ಕೊಂಡು ಫ್ರಾನ್ಸಿಗೆ ಓಡಿದ್ದ. ಅವಳ ಹಿಂದೆ ಬಿದ್ದಿದ್ದ ಕ್ಯಾಪ್ಟನ್ ಮ್ಯಾಥ್ಯೂಸ್ ಜೊತೆ ಎರಡು ಸಲ ಕತ್ತಿ ಹಿಡಿದು ಹೊಡೆದಾಡಿದ್ದ. ಎರಡನೇದ್ರಲ್ಲಿ ಚೆನ್ನಾಗೇ ಗಾಯ ಆಗಿತ್ತು.

ಸೈಡ್‌ವಿಂಗ್:
ಮೀಸೆ ಕ್ಯಾನ್ಸಲ್. ಆದ್ರೆ ನಾಟಕ ತುಂಬಾ ಉದ್ದ ಅನ್ನಿಸ್ತಿದೆ, ಕತ್ತರಿ ಹಾಕಿದ್ರೆ ಬೈತೀರಾ?

ಹಳೇ ಪ್ರಾಂಪ್ಟರ್:
ಬರೆದವನೇ ಹಾಕಿದಾನೆ. 1775ರ ಜನವರಿ 17ಕ್ಕೆ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಮೊದಲ ಪ್ರದರ್ಶನ ಮಕಾಡೆ ಮಲಗ್ತು. ವಾಪಸ್ ತಗೊಂಡು, ಕತ್ತರಿಸಿ, ತಿದ್ದಿ 28ಕ್ಕೆ ಮತ್ತೆ ಆಡಿಸಿದ, ಗೆದ್ದ. ಪ್ರೇಯಸಿ ಮೇಲೆ ಸದಾ ಅನುಮಾನ ಪಡೋ ಜ್ಯಾಕ್‌ನ ಗೆಳೆಯ ಫಾಕ್ಲೆಂಡನ ಗೋಳಾಟದಿಂದ ಶುರು ಮಾಡಿ, ಅಲ್ಲಿ ಧಾರಾಳವಾಗಿ ಕತ್ತರಿಸಬಹುದು. ಕಾಗದದ ದೃಶ್ಯಕ್ಕೆ ಮಾತ್ರ ಕೈ ಹಚ್ಚಬೇಡಿ.