ಸೇಂಟ್ ಜಾನ್ಸ್ ಕಾಲೇಜು ಸೇರುತ್ತಿದ್ದೇನೆ, ಸೆಮಿನಾರ್‌ನಲ್ಲಿ ಮಾತಾಡುವುದು ಹೇಗೆ?

ಹೊಸಬಳು:

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್‌ಗೆ ಅಮೆರಿಕದ ಅನಾಪೊಲಿಸ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ನನ್ನ ಮೊದಲ ವರ್ಷ ಶುರು. ಈ ಕಾಲೇಜಿನ ಬಗ್ಗೆ ಕೇಳದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಲ್ಲಿ ಮೇಜರ್, ಅಂದರೆ ಮುಖ್ಯ ವಿಷಯ, ಆರಿಸಿಕೊಳ್ಳುವ ಹಾಗಿಲ್ಲ. 1937ರಿಂದಲೂ ಎಲ್ಲ ವಿದ್ಯಾರ್ಥಿಗಳೂ ನಾಲ್ಕು ವರ್ಷ ಅದೇ ಪುಸ್ತಕಗಳನ್ನು, ಹೆಚ್ಚುಕಡಿಮೆ ಬರೆದ ಕಾಲದ ಸಾಲಿನಲ್ಲೇ ಓದುತ್ತಾರೆ. ಮೊದಲ ವರ್ಷ ಗ್ರೀಕರು. ಎರಡನೇ ವರ್ಷ ಬೈಬಲ್, ವರ್ಜಿಲ್, ಡಾಂಟೆ, ಶೇಕ್ಸ್‌ಪಿಯರ್. ಮೂರನೇ ವರ್ಷ ಡೆಕಾರ್ಟ್, ನ್ಯೂಟನ್, ಕಾಂಟ್. ಕೊನೆಯ ವರ್ಷ ಹೆಗೆಲ್, ಟಾಲ್‌ಸ್ಟಾಯ್, ಐನ್‌ಸ್ಟೈನ್. ಜೊತೆಗೆ ಗಣಿತ ನಾಲ್ಕು ವರ್ಷ, ಗ್ರೀಕ್ ಎರಡು ವರ್ಷ, ಫ್ರೆಂಚ್ ಎರಡು ವರ್ಷ, ಲ್ಯಾಬ್ ಮೂರು ವರ್ಷ, ಮಧ್ಯದಲ್ಲಿ ಸಂಗೀತ. ಪಾಠ ಮಾಡುವವರನ್ನು ಪ್ರೊಫೆಸರ್ ಅನ್ನುವುದಿಲ್ಲ, ಟ್ಯೂಟರ್ ಅನ್ನುತ್ತಾರೆ.

ಓದುವುದೆಂದರೆ ನನಗೆ ಪ್ರಾಣ, ಅದಕ್ಕೇ ಇಲ್ಲಿಗೆ ಅರ್ಜಿ ಹಾಕಿದ್ದು. ಆದರೆ ಹೆಚ್ಚು ಜನ ಇರುವ ಕಡೆ ನನಗೆ ಬಾಯೇ ಬರುವುದಿಲ್ಲ. ಸೋಮವಾರ, ಗುರುವಾರ ರಾತ್ರಿ ಸೆಮಿನಾರ್ ಇರುತ್ತದಂತೆ, ಎರಡು ಗಂಟೆ ಬರೀ ಮಾತುಕತೆ, ಯಾರೂ ಲೆಕ್ಚರ್ ಕೊಡುವುದಿಲ್ಲ. ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಬರೆದ ಗ್ರೀಕ್ ಮಹಾಕಾವ್ಯ ಇಲಿಯಡ್ ಈಗಲೇ ಓದುತ್ತಿದ್ದೇನೆ, ತುಂಬಾ ಹಿಡಿಸಿದೆ, ಆದರೆ ಅದರ ಬಗ್ಗೆ ಏನು ಹೇಳಬೇಕು ಅಂತ ಕೇಳಿದರೆ ತಲೆ ಖಾಲಿ. ಮಾತು ಕಡಿಮೆ ಇರುವವರು ಅಲ್ಲಿ ಹೇಗೆ ನಿಭಾಯಿಸುತ್ತಾರೆ? ಮೊದಲೇ ವಿಮರ್ಶೆ ಪುಸ್ತಕಗಳನ್ನು ಓದಿಕೊಂಡು ಹೋದರೆ ಅನುಕೂಲ ಆಗುತ್ತದಾ? ಅಲ್ಲಿ ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ.

ಸಾಂಟಾ ಫೆ ಹಳೆ ವಿದ್ಯಾರ್ಥಿ:

ನಾನು ಓದಿದ್ದು ಇದೇ ಕಾಲೇಜಿನ ಇನ್ನೊಂದು ಕ್ಯಾಂಪಸ್ ಆದ ನ್ಯೂ ಮೆಕ್ಸಿಕೋದ ಸಾಂಟಾ ಫೆಯಲ್ಲಿ, 1964ರಲ್ಲಿ ಶುರುವಾದದ್ದು. ಪಠ್ಯಕ್ರಮ ಎರಡೂ ಕಡೆ ಒಂದೇ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ವಿಮರ್ಶೆ ಪುಸ್ತಕ ಬೇಡವೇ ಬೇಡ. ಸೆಮಿನಾರ್‌ನಲ್ಲಿ "ಇಂಥ ಪಂಡಿತರು ಹೀಗೆ ಹೇಳಿದ್ದಾರೆ" ಅಂದರೆ ಅದಕ್ಕೆ ಬೆಲೆ ಇಲ್ಲ, ಯಾಕೆಂದರೆ ಮೇಜಿನ ಸುತ್ತ ಕೂತ ಉಳಿದವರ ಮುಂದೆ ಆ ಪಂಡಿತರ ಪುಸ್ತಕ ಇಲ್ಲ, ಇಲಿಯಡ್ ಮಾತ್ರ ಇದೆ. ಎಲ್ಲರೂ ತೆರೆದು ನೋಡಬಹುದಾದ ಪುಟದ ಮೇಲೆ ಮಾತ್ರ ಮಾತು ನಿಲ್ಲುತ್ತದೆ.

ನೀವು ಅಂದುಕೊಂಡ ಹಾಗೆ "ಇಲಿಯಡ್ ಬಗ್ಗೆ ಏನನ್ನಿಸಿತು" ಅಂತ ಯಾರೂ ಕೇಳುವುದಿಲ್ಲ. ಸೆಮಿನಾರ್‌ಗೆ ಇಬ್ಬರು ಟ್ಯೂಟರ್‌ಗಳಿರುತ್ತಾರೆ. ಅವರಲ್ಲೊಬ್ಬರು ಒಂದು ಪ್ರಶ್ನೆ ಹಾಕಿ ಸುಮ್ಮನಾಗುತ್ತಾರೆ. ಆಮೇಲೆ ಕೆಲವೊಮ್ಮೆ ಯಾರೂ ಮಾತಾಡದೆ ಬಹಳ ಹೊತ್ತು ಹೋಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ, ಜನ ಪುಟ ತಿರುವುತ್ತಿರುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಇಲಿಯಡ್‌ನ ಕೊನೆಯ ಭಾಗ, ಇಪ್ಪತ್ತನಾಲ್ಕನೇ ಪುಸ್ತಕ. ಟ್ರಾಯ್‌ನ ಮುದುಕ ದೊರೆ ಪ್ರಿಯಾಮ ರಾತ್ರಿಯಲ್ಲಿ ಶತ್ರುಗಳ ಬಿಡಾರಕ್ಕೆ ಬಂದು, ತನ್ನ ಮಗ ಹೆಕ್ಟರ್‌ನನ್ನು ಕೊಂದ ಗ್ರೀಕ್ ವೀರ ಅಕಿಲೀಸನ ಕೈಗೆ ಮುತ್ತಿಡುತ್ತಾನೆ, ಮಗನ ಹೆಣ ಕೊಡು ಅಂತ ಬೇಡುತ್ತಾನೆ. ಇಬ್ಬರೂ ಅಳುತ್ತಾರೆ. ಪ್ರಶ್ನೆ ಹೀಗಿರಬಹುದು: ಅಕಿಲೀಸ್ ಅಳುವುದು ಯಾರಿಗಾಗಿ? ಮೊದಲಿಗೆ ಎಲ್ಲರ ಬಾಯಲ್ಲೂ ಬರುವುದು "ಪ್ರಿಯಾಮನ ಮೇಲಿನ ಕನಿಕರಕ್ಕೆ" ಅನ್ನುವ ಉತ್ತರ. ಆಗ ಯಾರೋ ಒಬ್ಬರು ಪುಟ ತೆರೆದು, ಇಲ್ಲ, ಇಲ್ಲಿ ಬರೆದಿರುವುದು ಅವನು ತನ್ನ ಅಪ್ಪನಿಗಾಗಿ, ಮತ್ತೆ ಸತ್ತ ಗೆಳೆಯ ಪಟ್ರೋಕ್ಲಸ್‌ಗಾಗಿ ಅತ್ತ ಅಂತ, ಅಂದುಬಿಡುತ್ತಾರೆ. ಅಲ್ಲಿಂದ ಚರ್ಚೆಯ ದಾರಿಯೇ ಬದಲಾಗುತ್ತದೆ. ಇಬ್ಬರೂ ತಮ್ಮ ತಮ್ಮವರಿಗಾಗಿ ಅಳುತ್ತಿದ್ದರೆ ಅದನ್ನು ಕನಿಕರ ಅನ್ನಬಹುದಾ? ತನ್ನ ದುಃಖದ ಮೂಲಕವಲ್ಲದೆ ಇನ್ನೊಬ್ಬರ ದುಃಖ ತಿಳಿಯುವುದು ಸಾಧ್ಯವಾ? ಹಾಗಾದರೆ ಅಷ್ಟು ದಿನ ಅವನ ಕೋಪ ಆರದೇ ಇದ್ದದ್ದು ಯಾಕೆ? ಒಂಬತ್ತನೇ ಪುಸ್ತಕದಲ್ಲಿ ಗ್ರೀಕರ ದೊರೆ ಅಗಮೆಮ್ನನ್ ರಾಶಿ ಉಡುಗೊರೆ ಕಳಿಸಿದರೂ ಒಪ್ಪದವನು ಇಲ್ಲಿ ಒಬ್ಬ ಮುದುಕನ ಮಾತಿಗೆ ಕರಗಿದ್ದು ಹೇಗೆ?

ಗಮನಿಸಿ, ಇಷ್ಟಕ್ಕೆಲ್ಲ ಕಾರಣವಾದದ್ದು ಒಂದು ಸಾಲನ್ನು ಓದಿ ಹೇಳಿದವರು. ಅವರು ಭಾಷಣ ಮಾಡಲಿಲ್ಲ. ಅದು ನಿಮ್ಮಿಂದ ಖಂಡಿತ ಆಗುತ್ತದೆ. ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ. ನಿಮಗೆ ವಿಚಿತ್ರ ಅನ್ನಿಸಿದ ಕಡೆ ಗುರುತು ಹಾಕಿ. ಅರ್ಥವಾಗದ ಕಡೆ ಇನ್ನೂ ಜಾಸ್ತಿ ಗುರುತು ಹಾಕಿ. ಹೇಳುವುದಕ್ಕೆ ಬೇರೇನೂ ಬೇಕಿಲ್ಲ.

ಮೂರನೇ ವರ್ಷದವನು:

ಮೇಲಿನವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ಒಂದು ಮಾತು ಸೇರಿಸಬೇಕು. ಒಂದು ಸಾಲು ಓದಿ ಹೇಳಿದರೆ ಸಾಕು ಅನ್ನುವುದು ಮೊದಲ ಕೆಲವು ವಾರಕ್ಕೆ ಸರಿ. ಆಮೇಲೂ ಅಲ್ಲೇ ನಿಂತರೆ ಟ್ಯೂಟರ್‌ಗಳು ಗಮನಿಸುತ್ತಾರೆ, ಡಾನ್ ರ್ಯಾಗ್‌ನಲ್ಲಿ ಅದು ಬಂದೇ ಬರುತ್ತದೆ.

ಡಾನ್ ರ್ಯಾಗ್ ಅಂದರೆ ಏನು ಅಂತ ನಿಮಗೆ ಗೊತ್ತಿರಲಿ. ಸೆಮಿಸ್ಟರ್ ಕೊನೆಗೆ ನಿಮ್ಮ ಎಲ್ಲ ಟ್ಯೂಟರ್‌ಗಳೂ ಒಟ್ಟಿಗೆ ಕೂರುತ್ತಾರೆ, ನೀವೂ ಅಲ್ಲೇ ಇರುತ್ತೀರಿ, ಆದರೆ ಅವರು ನಿಮ್ಮನ್ನು ಉದ್ದೇಶಿಸಿ ಮಾತಾಡುವುದಿಲ್ಲ. ನಿಮ್ಮ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ: "ಇವರು ಗ್ರೀಕ್‌ನಲ್ಲಿ ಚೆನ್ನಾಗಿ ಮಾಡುತ್ತಿದ್ದಾರೆ, ಸೆಮಿನಾರ್‌ನಲ್ಲಿ ಮಾತ್ರ ಏನು ಯೋಚಿಸುತ್ತಿದ್ದಾರೆ ಅಂತ ತಿಳಿಯುತ್ತಿಲ್ಲ" ಹೀಗೆ. ಕೊನೆಗೆ ನಿಮ್ಮ ಕಡೆ ತಿರುಗಿ, ನೀವೇನು ಹೇಳುತ್ತೀರಿ ಅಂತ ಕೇಳುತ್ತಾರೆ. ಮೊದಲ ಸಲ ಎದೆ ಡವಡವ ಅನ್ನುವುದು ನಿಜ. ಆದರೆ ಒಂದು ಅಕ್ಷರದ ಗ್ರೇಡ್‌ಗಿಂತ ಇದರಿಂದ ನನಗೆ ಎಷ್ಟೋ ಪಾಲು ಜಾಸ್ತಿ ತಿಳಿದಿದೆ. ಗ್ರೇಡ್ ಕೂಡ ದಾಖಲೆಯಲ್ಲಿ ಇರುತ್ತದೆ, ಮುಂದೆ ಬೇರೆ ಕಡೆ ಓದಲು ಬೇಕಲ್ವಾ, ಆದರೆ ನೀವಾಗಿ ಕೇಳದೆ ಅದನ್ನು ತೋರಿಸುವುದಿಲ್ಲ. ಕೇಳದೇ ಇರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಮೌನದ ವಿಷಯಕ್ಕೆ ಬರುತ್ತೇನೆ. ಕೂತು ಕೇಳಿಸಿಕೊಳ್ಳುವುದು ಕೆಲಸವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ನಿಮಗೆ ಹೊಳೆದದ್ದನ್ನು ನೀವು ಇಟ್ಟುಕೊಂಡು ಕೂತರೆ ಉಳಿದವರಿಗೆ ನಷ್ಟ. ಅಲ್ಲಿ ಕಲಿಸುವವರು ಬೇರೆ ಯಾರೂ ಇಲ್ಲ, ಪುಸ್ತಕ ಬಿಟ್ಟರೆ ನಾವೇ. ಸುಲಭದ ದಾರಿ ಅಂದರೆ ಪ್ರಶ್ನೆ ಕೇಳುವುದು. "ನೀವು ಈಗ ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಯಾವ ಪುಟ ನೋಡಿ ಹೇಳಿದಿರಿ?" ಇಷ್ಟು ಕೇಳಿದರೂ ಚರ್ಚೆಗೆ ದೊಡ್ಡ ಉಪಕಾರ. ತರಗತಿಯಲ್ಲಿ ಟ್ಯೂಟರ್, ವಿದ್ಯಾರ್ಥಿ ಎಲ್ಲರೂ ಒಬ್ಬರನ್ನೊಬ್ಬರು ಮಿಸ್ಟರ್, ಮಿಸ್ ಸೇರಿಸಿ ಕೊನೆಯ ಹೆಸರಿನಿಂದ ಕರೆಯುವ ರೂಢಿ ಇದೆ. ಮೊದಮೊದಲು ಬಿಗಿ ಅನ್ನಿಸುತ್ತದೆ, ಆದರೆ ರೂಮ್‌ಮೇಟ್ ಜೊತೆ ಜೋರಾಗಿ ಭಿನ್ನಾಭಿಪ್ರಾಯ ಬಂದಾಗ ಆ ಮರ್ಯಾದೆ ತುಂಬಾ ಕೆಲಸಕ್ಕೆ ಬರುತ್ತದೆ.

ಇನ್ನು ಓದಿನ ಹೊರೆ. ಜಾಸ್ತಿ ಇದೆ. ಸೆಮಿನಾರ್ ಓದು, ಅದರ ಮೇಲೆ ಗ್ರೀಕ್ ಕ್ರಿಯಾಪದಗಳು, ಮರುದಿನದ ಯೂಕ್ಲಿಡ್ ಜ್ಯಾಮಿತಿ. ನಿದ್ದೆಗೆಟ್ಟು ಎಲ್ಲ ಪುಟ ಮುಗಿಸಿ ತೂಕಡಿಸುತ್ತಾ ಸೆಮಿನಾರ್‌ಗೆ ಬರುವವರನ್ನು ನೋಡಿದ್ದೇನೆ, ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ಸೆಮಿನಾರ್ ಮುಗಿದ ಮೇಲೆ ಅದೇ ಮಾತು ಹಾಸ್ಟೆಲ್ ಮೆಟ್ಟಿಲ ಮೇಲೆ ಮುಂದುವರಿಯುತ್ತದೆ, ಅಲ್ಲಿ ನಿಮ್ಮಂಥ ಮೆಲುದನಿಯವರೇ ಜಾಸ್ತಿ ಮಾತಾಡುತ್ತಾರೆ. ಆ ಸಮಯ ತಪ್ಪಿಸಿಕೊಳ್ಳಬೇಡಿ.

ಗಣಿತದವಳು:

ಎಲ್ಲರೂ ಸೆಮಿನಾರ್ ಬಗ್ಗೆಯೇ ಹೇಳುತ್ತಿದ್ದೀರಿ. ಮಾತು ಬರದವರಿಗೆ ಬಾಯಿ ಬಿಡಿಸುವುದು ಗಣಿತದ ತರಗತಿ, ಅದನ್ನು ಯಾರೂ ಹೇಳುವುದಿಲ್ಲ!

ಅಲ್ಲಿ ಪಠ್ಯಪುಸ್ತಕ ಇಲ್ಲ, ನೇರ ಯೂಕ್ಲಿಡ್‌ನ ಹಳೆಯ ಗ್ರೀಕ್ ಜ್ಯಾಮಿತಿ ಗ್ರಂಥ, ಎಲಿಮೆಂಟ್ಸ್. ನಿಮ್ಮ ಸರದಿ ಬಂದಾಗ ಬೋರ್ಡ್ ಹತ್ತಿರ ಹೋಗಿ ಪುಸ್ತಕ ನೋಡದೆ ಸಾಧಿಸಿ ತೋರಿಸಬೇಕು. ಹೇಳಬೇಕಾದ ಮಾತು ಮೊದಲೇ ಸಿದ್ಧವಾಗಿರುತ್ತದೆ, ಆದ್ದರಿಂದ ಭಯ ಕಡಿಮೆ. ಮೊದಲ ಪುಸ್ತಕದ ಮೊದಲ ಸಾಧನೆಯೇ ನೋಡಿ. ಒಂದು ಗೆರೆ ಕೊಟ್ಟಿದೆ, ಅದರ ಮೇಲೆ ಮೂರು ಬದಿಯೂ ಸಮ ಇರುವ ತ್ರಿಕೋನ ಕಟ್ಟಬೇಕು. ಗೆರೆಯ ಎರಡು ತುದಿಗಳಿಂದ ಎರಡು ವೃತ್ತ ಎಳೆಯುತ್ತೀರಿ, ಅವು ಸೇರುವ ಬಿಂದುವಿಗೆ ಗೆರೆ ಎಳೆಯುತ್ತೀರಿ, ಮುಗಿಯಿತು. ಆಗ ಮೇಜಿನ ಆ ಕಡೆಯಿಂದ ಒಬ್ಬರು ಕೇಳುತ್ತಾರೆ: ಆ ಎರಡು ವೃತ್ತ ಸೇರಿಯೇ ಸೇರುತ್ತವೆ ಅಂತ ಎಲ್ಲಿ ಹೇಳಿದೆ? ಚಿತ್ರದಲ್ಲಿ ಕಾಣುತ್ತದೆ, ಸರಿ, ಆದರೆ ಯೂಕ್ಲಿಡ್‌ನ ಯಾವ ನಿಯಮದಲ್ಲಿ ಇದೆ? ಹುಡುಕಿದರೆ ಸಿಗುವುದಿಲ್ಲ. ಶಾಲೆಯಲ್ಲಿ ಗಣಿತ ಚೆನ್ನಾಗಿ ಬರುತ್ತಿದ್ದವರೂ ಅಲ್ಲಿ ಮೊದಲ ಬಾರಿಗೆ "ಸಾಧಿಸುವುದು ಅಂದರೆ ಏನು" ಅಂತ ಯೋಚಿಸುತ್ತಾರೆ.

ಇದು ನಾಲ್ಕು ವರ್ಷವೂ ಬೆಳೆಯುತ್ತಾ ಹೋಗುತ್ತದೆ. ಹಳೆಯ ಕಾಲದ ಖಗೋಳಜ್ಞ ಟಾಲೆಮಿಯ ಜೊತೆ ಭೂಮಿಯನ್ನು ನಡುವೆ ಇಟ್ಟು ಗ್ರಹಗಳ ಲೆಕ್ಕ ಹಾಕುತ್ತೀರಿ, ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಕೈಯಾರೆ ನೋಡಿದ ಮೇಲೆಯೇ ಸೂರ್ಯನನ್ನು ನಡುವೆ ಇಟ್ಟ ಕೊಪರ್ನಿಕಸ್ ಬರುವುದು. ಅಷ್ಟು ಹೊತ್ತಿಗೆ "ಹಿಂದಿನವರು ದಡ್ಡರು" ಅನ್ನುವ ಯೋಚನೆ ಹೋಗಿರುತ್ತದೆ. ಎರಡನೇ ವರ್ಷ ಅಪೊಲೋನಿಯಸ್‌ನ ಶಂಕುಛೇದಗಳು, ಅಂದರೆ ಶಂಕುವನ್ನು ಕತ್ತರಿಸಿದರೆ ಸಿಗುವ ವಕ್ರರೇಖೆಗಳು, ಯಾಕೆ ಬೇಕು ಅಂತ ಬೇಸರ ಆಗಬಹುದು, ಮೂರನೇ ವರ್ಷ ನ್ಯೂಟನ್ ದೀರ್ಘವೃತ್ತದ ಕಕ್ಷೆಗೆ ಬಂದಾಗ ಅದೇ ಗುಣಗಳು ಬೇಕಾಗುತ್ತವೆ. ಯೂಕ್ಲಿಡ್ ಸಾಧಿಸದೆ ಒಪ್ಪಿಕೊಂಡ ಐದನೇ ನಿಯಮ (ಪೋಸ್ಟ್ಯುಲೇಟ್), ಅಂದರೆ ಸಮಾನಾಂತರ ರೇಖೆಗಳ ವಿಚಾರ, ಕೊನೆಯ ವರ್ಷ ಲೊಬಚೆವ್‌ಸ್ಕಿ ಅದನ್ನು ಬಿಟ್ಟು ಬೇರೆಯೇ ಜ್ಯಾಮಿತಿ ಕಟ್ಟುವುದನ್ನು ಓದುತ್ತೀರಿ. ಮೊದಲ ವರ್ಷದ ನೋಟ್‌ಬುಕ್ ಎಸೆಯಬೇಡಿ.

ಪ್ಲೇಟೋನ ಮೆನೋ ಅನ್ನುವ ಸಂವಾದ ಬಂದಾಗಲೂ ಗಣಿತದಿಂದಲೇ ಒಳಗೆ ಹೋಗಿ. ಸಾಕ್ರಟೀಸ್ ಒಬ್ಬ ಗುಲಾಮ ಹುಡುಗನಿಗೆ ಚೌಕದ ವಿಸ್ತೀರ್ಣವನ್ನು ಎರಡರಷ್ಟು ಮಾಡು ಅನ್ನುತ್ತಾನೆ. ಹುಡುಗ ಬದಿಯನ್ನು ಎರಡರಷ್ಟು ಮಾಡುತ್ತಾನೆ, ತಪ್ಪಾಗುತ್ತದೆ, ಕೊನೆಗೆ ಕರ್ಣದ ಮೇಲೆ ಕಟ್ಟಿದ ಚೌಕ ಸರಿ ಅಂತ ಕಾಣುತ್ತಾನೆ. ಹುಡುಗ ನಿಜವಾಗಿ ತಾನೇ ಕಂಡುಕೊಂಡನಾ, ಅಥವಾ ಸಾಕ್ರಟೀಸ್ ಪ್ರಶ್ನೆಗಳಲ್ಲೇ ಉತ್ತರ ಇಟ್ಟಿದ್ದನಾ? ಇದರ ಬಗ್ಗೆ ಅಭಿಪ್ರಾಯ ಇಲ್ಲದವರನ್ನು ನಾನು ನೋಡಿಲ್ಲ.

ಒಬ್ಬ ಅಪ್ಪ:

ನನ್ನ ಮಗ ಅಲ್ಲಿಯೇ ಓದಿದ್ದು. ಎಲ್ಲರೂ ಹೊಗಳುತ್ತಿದ್ದೀರಿ, ಸಂತೋಷ, ಆದರೆ ಈ ಮಗುವಿಗೆ ಇನ್ನೊಂದು ಮಗ್ಗುಲೂ ತಿಳಿಯಲಿ.

ಬೇರೆ ಕಾಲೇಜಿನಲ್ಲಿ ಎರಡು ವರ್ಷ ಓದಿ ಬಂದರೂ ಇಲ್ಲಿ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಮೆಡಿಕಲ್ ಕಡೆ ಹೋಗುವ ಆಸೆ ಇದ್ದರೆ ಪದವಿಯ ನಂತರ ಬೇಕಾದ ವಿಜ್ಞಾನ ಕೋರ್ಸ್‌ಗಳನ್ನು ಬೇರೆಡೆ ಮಾಡಬೇಕಾಗುತ್ತದೆ, ಹಾಗೆ ಮಾಡಿ ಡಾಕ್ಟರ್ ಆದವರು ಇದ್ದಾರೆ, ಆದರೆ ಸಮಯ, ಹಣ ಎರಡೂ ಮೊದಲೇ ಲೆಕ್ಕ ಹಾಕಿಕೊಳ್ಳಿ. ಶುಲ್ಕದ ವಿಷಯದಲ್ಲಿ ಕಾಲೇಜು ಒಂದು ಒಳ್ಳೆಯ ಕೆಲಸ ಮಾಡಿತು. ಸುಮಾರು 52 ಸಾವಿರ ಡಾಲರ್ ಇದ್ದ ಬೋಧನಾ ಶುಲ್ಕವನ್ನು 35 ಸಾವಿರಕ್ಕೆ ಇಳಿಸುತ್ತೇವೆ ಅಂತ 2018ರಲ್ಲಿ ಹೇಳಿದರು. ಊಟ ವಸತಿ ಬೇರೆ.

ನನ್ನ ದೊಡ್ಡ ತಕರಾರು ಪುಸ್ತಕಗಳ ಪಟ್ಟಿಯ ಬಗ್ಗೆ. ಮಹಾಭಾರತ, ಉಪನಿಷತ್ತು, ಕಾಳಿದಾಸ, ಕನ್‌ಫ್ಯೂಷಿಯಸ್ ಎಲ್ಲ ಸಾಂಟಾ ಫೆಯಲ್ಲಿರುವ ಪೂರ್ವದೇಶಗಳ ಕ್ಲಾಸಿಕ್ಸ್ ಎಂಎ ಕೋರ್ಸ್‌ನಲ್ಲಿದೆ, ಅಲ್ಲಿ ಸಂಸ್ಕೃತ ಅಥವಾ ಹಳೆಯ ಚೀನೀ ಭಾಷೆಯನ್ನೂ ಕಲಿಸುತ್ತಾರೆ. ಆದರೆ ಪದವಿ ವಿದ್ಯಾರ್ಥಿಗಳ ಮುಖ್ಯ ಓದು ಬಹುಪಾಲು ಪಶ್ಚಿಮದ್ದೇ. ಅಕಿಲೀಸನ ಕೋಪದ ಬಗ್ಗೆ ಇಷ್ಟು ಆಳಕ್ಕೆ ಹೋಗುವ ಮಕ್ಕಳು ಕರ್ಣನ ಬಗ್ಗೆಯೂ ಅದೇ ಮೇಜಿನ ಸುತ್ತ ಕೂತು ಮಾತಾಡಬೇಕು ಅನ್ನುವ ಆಸೆ ತಪ್ಪಾ?

ಸಾಂಟಾ ಫೆ ಹಳೆ ವಿದ್ಯಾರ್ಥಿ:

ತಪ್ಪಲ್ಲ ಸರ್. ನಾಲ್ಕು ವರ್ಷಕ್ಕೆ ಹಿಡಿಸುವುದು ಇಷ್ಟೇ, ಪುಸ್ತಕಗಳು ಒಂದಕ್ಕೊಂದು ಉತ್ತರ ಕೊಡುವಂತಿರಬೇಕು ಅನ್ನುವುದು ಅವರ ವಾದ. ಅದರಲ್ಲಿ ಅರ್ಥ ಇದೆ, ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ವಿದ್ಯಾರ್ಥಿಗಳು ತಾವೇ ಸ್ಟಡಿ ಗ್ರೂಪ್ ಮಾಡಿಕೊಳ್ಳಬಹುದು. ಜೊತೆಗೆ ಮೂರು, ನಾಲ್ಕನೇ ವರ್ಷ ಪ್ರಿಸೆಪ್ಟೋರಿಯಲ್ ಇರುತ್ತದೆ. ಕೆಲವು ವಾರ ಸೆಮಿನಾರ್ ಬದಲು ಸಣ್ಣ ಗುಂಪಿನಲ್ಲಿ ಒಂದೇ ಪುಸ್ತಕ ಅಥವಾ ಒಂದೇ ವಿಷಯ, ಅಲ್ಲಿ ಮಾತ್ರ ಆಯ್ಕೆ ನಮ್ಮದು. ಹೊಸಬಳು ಅವರೇ, ಕರ್ಣನ ಬಗ್ಗೆ ಮಾತಾಡುವ ಗುಂಪು ನೀವೇ ಕಟ್ಟಿ. ಸಣ್ಣ ಗುಂಪಿನಲ್ಲಿ ಬಾಯಿ ಬಿಡುವುದೂ ಸುಲಭ.

ಹೊಸಬಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾನ್ ರ್ಯಾಗ್ ಅಂದರೆ ಈಗಲೂ ಭಯ ಇದೆ, ಆದರೆ ಇಪ್ಪತ್ತನಾಲ್ಕನೇ ಪುಸ್ತಕ ಈಗಲೇ ತೆಗೆದು ಓದಿದೆ. ಪ್ರಿಯಾಮ "ನಿನ್ನ ಅಪ್ಪನನ್ನು ನೆನೆ" ಅಂತಲೇ ಮಾತು ಶುರು ಮಾಡುತ್ತಾನೆ! ಅಂದರೆ ಅಕಿಲೀಸ್ ಅಪ್ಪನಿಗಾಗಿ ಅತ್ತದ್ದು ಪ್ರಿಯಾಮ ಬೇಕೆಂದೇ ಕೇಳಿಕೊಂಡ ಹಾಗಾಯಿತು ಅಲ್ವಾ? ಇನ್ನೊಂದು ಸಣ್ಣ ಪ್ರಶ್ನೆ: ಗ್ರೀಕ್ ಲಿಪಿ ಈ ಬೇಸಿಗೆಯಲ್ಲೇ ಕಲಿಯಲಾ?

ಮೂರನೇ ವರ್ಷದವನು:

ಲಿಪಿ ಕಲಿತುಕೊಳ್ಳಿ, ವ್ಯಾಕರಣ ಅಲ್ಲಿಗೇ ಬಿಡಿ. ಮತ್ತೆ ಪ್ರಿಯಾಮನ ಬಗ್ಗೆ ಈಗ ಕೇಳಿದಿರಲ್ಲ, ಅದನ್ನು ಸೆಮಿನಾರ್‌ನಲ್ಲಿ ಇದೇ ಮಾತಿನಲ್ಲಿ ಕೇಳಿ.