ಇಂಧನ ಪಂಪು ಟ್ಯಾಂಕಿನೊಳಗೆ ಹೋಗಿ ಕುಳಿತದ್ದು ಯಾರ ಉದ್ಧಾರಕ್ಕೆ?

ಹಾಸನದ ಹುಡುಗ:
ಕಳೆದ ವಾರ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ನನ್ನ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಎಂಟು ವರ್ಷದ ಪೆಟ್ರೋಲ್ ಕಾರು. ಎಳೆಸಿಕೊಂಡು ಹೋಗಿ ಗ್ಯಾರೇಜಿಗೆ ಹಾಕಿದರೆ, "ಪಂಪು ಹೋಗಿದೆ, ಅದು ಟ್ಯಾಂಕಿನ ಒಳಗಿರುತ್ತದೆ, ಬಿಡಿಭಾಗ ಸಿಗುವುದಿಲ್ಲ, ಇಡೀ ಸೆಟ್ಟೇ ಬದಲಾಯಿಸಬೇಕು" ಎಂದು ಹನ್ನೊಂದು ಸಾವಿರದ ಲೆಕ್ಕ ಕೊಟ್ಟರು. ನನ್ನ ಅಪ್ಪನ ಅಂಬಾಸಿಡರಿನಲ್ಲಿ ಪಂಪು ಎಂಜಿನ್ನಿನ ಪಕ್ಕದಲ್ಲೇ ಇತ್ತು. ಅದರೊಳಗಿನ ಡಯಾಫ್ರಂ, ಅಂದರೆ ಪೆಟ್ರೋಲ್ ಹೀರಿ ತಳ್ಳುವ ತೆಳು ಪೊರೆ, ಹರಿದರೆ ಆರು ಸ್ಕ್ರೂ ಬಿಚ್ಚಿ ರಸ್ತೆ ಬದಿಯಲ್ಲೇ ಹೊಸದು ಹಾಕುತ್ತಿದ್ದರು. ಕೈಗೆ ಸಿಗುವ ಜಾಗದಲ್ಲಿದ್ದ ವಸ್ತುವನ್ನು ಪೆಟ್ರೋಲಿನಲ್ಲಿ ಮುಳುಗಿಸಿಟ್ಟವರು ಯಾವ ಪುಣ್ಯಾತ್ಮರು? ಇದನ್ನೂ ಆವಿಷ್ಕಾರ ಎನ್ನಬೇಕೇ?

ಘಟ್ಟದ ಚಾಲಕ:
ತಮ್ಮಾ, ಆ ಆರು ಸ್ಕ್ರೂಗಳ ಕಥೆಯನ್ನು ಅಪ್ಪನ ಬಾಯಿಂದಲೇ ಪೂರ್ತಿ ಕೇಳು. ನಾನು ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವನು. ಏಪ್ರಿಲ್ ತಿಂಗಳ ಮಧ್ಯಾಹ್ನ, ಐದು ಜನ, ಮೇಲೆ ಕ್ಯಾರಿಯರಿನ ತುಂಬ ಲಗೇಜು, ಎರಡನೇ ಗೇರಿನಲ್ಲಿ ಚಾರ್ಮಾಡಿ. ಅರ್ಧ ದಾರಿಯಲ್ಲಿ ಗಾಡಿ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಅದನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ಒಂದು ಹನಿಯೂ ಬರುತ್ತಿಲ್ಲ. ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, ಚೊಂಬಿನಿಂದ ನೀರು ಹನಿಸುತ್ತ ಕಾಯಬೇಕಿತ್ತು. ಬಟ್ಟೆಯಿಂದ ಹಬೆ ಏಳುವುದು ನಿಂತ ಮೇಲೆ ಪಂಪಿನ ಅಡಿಯ ಸನ್ನೆಕೋಲನ್ನು ಬೆರಳಿನಿಂದ ಹತ್ತಿಪ್ಪತ್ತು ಸಲ ಒತ್ತಿದರೆ ಪೆಟ್ರೋಲ್ ಬಂದ ಗುರುತಾಗಿ ಬೆರಳಿಗೆ ಬಿಗಿ ತಾಗುತ್ತಿತ್ತು. ಸೀಟಿನ ಕೆಳಗೆ ಒಂದು ಹಳೆಯ ಪಂಚೆಯ ತುಂಡು ಇದಕ್ಕೆಂದೇ ಇರುತ್ತಿತ್ತು. ಈಗಿನ ಕಾರುಗಳಲ್ಲಿ ಆ ಪಂಚೆ ಬೇಕಾಗಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:
ಆ ಪಂಚೆಯಲ್ಲೇ ಉತ್ತರವಿದೆ. ಪೆಟ್ರೋಲ್ ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಎಂಜಿನ್ನಿಗೆ ಅಂಟಿದ ಪಂಪು ಹಿಂದಿನ ಟ್ಯಾಂಕಿನಿಂದ ಉದ್ದನೆಯ ಕೊಳವೆಯಲ್ಲಿ ಇಂಧನವನ್ನು ಹೀರಬೇಕು. ಹೀರಿದಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ. ಜೊತೆಗೆ ಎಂಜಿನ್ನಿನ ಕಾವು. ಕೊಳವೆಯಲ್ಲಿ ಆವಿಯ ಗುಳ್ಳೆ ಕೂತರೆ ಡಯಾಫ್ರಂ ಅದನ್ನೇ ಹಿಗ್ಗಿಸಿ ಕುಗ್ಗಿಸುತ್ತ ಕೂರುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಪಂಪನ್ನು ಟ್ಯಾಂಕಿನೊಳಗೆ ಮುಳುಗಿಸಿದರೆ ಹೀರುವ ಕೆಲಸವೇ ಇಲ್ಲ, ಬರೀ ತಳ್ಳುವುದು. ಸುಮಾರು 3 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡ) ಒತ್ತಡದಲ್ಲಿ ತಳ್ಳಿದ ಪೆಟ್ರೋಲ್ ಅಷ್ಟು ಸುಲಭವಾಗಿ ಕುದಿಯುವುದಿಲ್ಲ.

ಬುಲೆಟ್ ಸವಾರ:
ಹೀರುವುದೂ ಬೇಡ, ತಳ್ಳುವುದೂ ಬೇಡ. ನನ್ನ ಹಳೆಯ ಬೈಕಿನಲ್ಲಿ ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ, ನಡುವೆ ಒಂದು ಕಾಕ್, ಅಂದರೆ ನಲ್ಲಿ. ಪೆಟ್ರೋಲ್ ತೀರಿದರೆ ಬಗ್ಗಿ ರಿಸರ್ವ್‌ಗೆ ತಿರುಗಿಸಿದರಾಯಿತು. ಗುರುತ್ವಾಕರ್ಷಣೆಗೆ ವಾರಂಟಿ ಬೇಕಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:
ಫೋರ್ಡ್ ಮಾಡೆಲ್ ಟಿ ಕೂಡ ಇದನ್ನೇ ನಂಬಿತ್ತು. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಆ ಕಾರಿಗೆ ಪಂಪು ಇರಲಿಲ್ಲ, ಹೆಚ್ಚಿನವುಗಳಲ್ಲಿ ಟ್ಯಾಂಕು ಸೀಟಿನ ಕೆಳಗಿತ್ತು. ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರು ಸಿಕ್ಕರೆ ಎಂಜಿನ್ನು ಟ್ಯಾಂಕಿಗಿಂತ ಮೇಲಾಗಿಬಿಡುತ್ತಿತ್ತು. ಆಗ ಜನ ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ದರು. ಶಿರಾಡಿಯಲ್ಲಿ ಹಾಗೆ ಹತ್ತುವ ಧೈರ್ಯ ನಿಮಗಿದೆಯೇ?

ಹುಬ್ಬಳ್ಳಿ ಗ್ಯಾರೇಜು:
ಥಿಯರಿ ಎಲ್ಲ ಸರಿ. ಹಾಸನದವರೇ, ಮೊದಲು ಒಂದು ಮಾತು ಹೇಳಿ: ಗಾಡಿ ನಿಂತಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು?

ಹಾಸನದ ಹುಡುಗ:
ಕೆಂಪು ದೀಪ ಹತ್ತಿತ್ತು. ಆದರೆ ಅದು ನನಗೆ ಮಾಮೂಲು. ಇನ್ನೂರು ಮುನ್ನೂರು ರೂಪಾಯಿಯದು ಹಾಕಿಸುತ್ತ ಓಡಿಸುತ್ತೇನೆ.

ಹುಬ್ಬಳ್ಳಿ ಗ್ಯಾರೇಜು:
ಅಲ್ಲಿಗೆ ಮುಗಿಯಿತು. ಆ ಪಂಪಿನ ಮೋಟಾರಿನ ಆರ್ಮೇಚರ್ ತಿರುಗುವುದೇ ಪೆಟ್ರೋಲಿನೊಳಗೆ. ಅದಕ್ಕೆ ತಂಪೂ ಪೆಟ್ರೋಲೇ, ಎಣ್ಣೆಯೂ ಪೆಟ್ರೋಲೇ. ಸದಾ ತಳ ಕಾಣುವ ಟ್ಯಾಂಕಿನಲ್ಲಿ, ಅದೂ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದಾಗ, ಪಂಪು ಗಾಳಿ ಕುಡಿದು ಬಿಸಿಯಾಗುತ್ತದೆ. ತಿಂಗಳಿಗೆ ಇಂಥ ನಾಲ್ಕಾರು ಗಾಡಿ ನನ್ನ ಬಳಿ ಬರುತ್ತವೆ. ಹಾಗೆಂದು ಹನ್ನೊಂದು ಸಾವಿರವನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ ಹೋಗುವುದು ಮೋಟಾರು ಅಥವಾ ಅದರ ಕೆಳಗಿನ ಜಾಲರಿ. ಗೇಜು, ರೆಗ್ಯುಲೇಟರು, ಪ್ಲಾಸ್ಟಿಕ್ ಡಬ್ಬಿ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮಾರುವುದು ಆವಿಷ್ಕಾರವಲ್ಲ, ವ್ಯಾಪಾರ.

ಬುಲೆಟ್ ಸವಾರ:
ಪೆಟ್ರೋಲಿನೊಳಗೆ ಕಿಡಿ ಹಾರುವ ಮೋಟಾರು! ಇದನ್ನು ಓದಿದ ಮೇಲೆ ನಾನು ಕಾರಿನ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:
ಕೂರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡದಷ್ಟಿದ್ದರೆ ಮಾತ್ರ ಹತ್ತಿಕೊಳ್ಳುತ್ತದೆ. ಮುಳುಗಿದ ಮೋಟಾರಿನ ಸುತ್ತ ಗಾಳಿಯೇ ಇಲ್ಲ, ಟ್ಯಾಂಕಿನ ಖಾಲಿ ಜಾಗದಲ್ಲಿ ಆವಿ ಈ ಮಿತಿಯನ್ನು ಸಾಮಾನ್ಯವಾಗಿ ದಾಟಿರುತ್ತದೆ.

ಪ್ಲಂಜರ್ ರಾಯರು:
ಮೂರು ಬಾರ್ ಒತ್ತಡಕ್ಕೆ ಇಷ್ಟು ಗಲಾಟೆಯೇ? ನಾನು ಡೀಸೆಲ್ ಪಂಪು ತಯಾರಿಸುವ ಕಡೆ ಆಯುಷ್ಯ ಸವೆಸಿದವನು. ರುಡಾಲ್ಫ್ ಡೀಸೆಲ್ ಎಂಜಿನ್ ಮಾಡಿದರು, ನಿಜ. ಆದರೆ ಇಂಧನವನ್ನು ಸಿಲಿಂಡರಿಗೆ ಊದಲು ಬೇರೆಯೇ ಒಂದು ಏರ್ ಕಂಪ್ರೆಸರ್ ಬೇಕಿತ್ತು. ಆ ಭಾರ ಹೊತ್ತು ಲಾರಿ ಓಡಲಾರದು. 1927ರಲ್ಲಿ ಬಾಷ್ ಕಂಪನಿ ಇನ್‌ಲೈನ್ ಪಂಪನ್ನು, ಅಂದರೆ ಪ್ರತಿ ಸಿಲಿಂಡರಿಗೂ ಡೀಸೆಲ್ ಒತ್ತುವ ಒಂದೊಂದು ಪ್ಲಂಜರ್ (ಉಕ್ಕಿನ ಕಡ್ಡಿ) ಸಾಲಾಗಿರುವ ಪಂಪನ್ನು, ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಲಾರಿಗಳು ಹೆಚ್ಚಾಗಿ ರಸ್ತೆಗಿಳಿದದ್ದು. 1951ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಆಡುಗೋಡಿಯ ಮೈಕೋ ಕಂಪನಿ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಅದೇ ಪಂಪನ್ನು ಕೊಟ್ಟಿತು. 2008ರಲ್ಲಿ ಹೆಸರು ಬಾಷ್ ಎಂದು ಬದಲಾದರೂ ಬಡಾವಣೆ ಇನ್ನೂ ಮೈಕೋ ಲೇಔಟ್ ಆಗಿಯೇ ಇದೆ.

ಅದರ ಜಾಣತನ ನೋಡಿ. ಪ್ಲಂಜರ್ ಮೇಲೆ ಕೆಳಗೆ ಚಲಿಸುವ ದೂರ ಎಂದೂ ಬದಲಾಗುವುದಿಲ್ಲ. ಅದರ ಮೈಮೇಲೆ ಓರೆಯಾಗಿ ಒಂದು ತೋಡು ಕೊರೆದಿರುತ್ತಾರೆ. ಆಕ್ಸಿಲರೇಟರ್ ಒತ್ತಿದರೆ ಪ್ಲಂಜರ್ ತುಸು ತಿರುಗುತ್ತದೆ, ಓರೆ ತೋಡು ಡೀಸೆಲ್ ಹೊರಹರಿಯುವ ರಂಧ್ರಕ್ಕೆ ಬೇಗ ಅಥವಾ ತಡವಾಗಿ ಸಿಗುತ್ತದೆ, ಅಷ್ಟರಿಂದಲೇ ಡೀಸೆಲ್ಲಿನ ಅಳತೆ ಬದಲಾಗುತ್ತದೆ. ಪ್ಲಂಜರ್ ಮತ್ತು ಅದು ಓಡಾಡುವ ಕೊಳವೆಯಾದ ಬ್ಯಾರೆಲ್ ನಡುವಿನ ಸಂದು ಎರಡು ಮೂರು ಮೈಕ್ರಾನ್, ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಜೋಡಿ ಅದಲು ಬದಲಾಗುವಂತಿಲ್ಲ. ಅಂಗೈಯಲ್ಲಿ ಹಿಡಿದು ಬೆಚ್ಚಗಾದ ಪ್ಲಂಜರ್ ತಣ್ಣನೆಯ ಬ್ಯಾರೆಲ್ಲಿಗೆ ಇಳಿಯಲು ಹಟ ಮಾಡುತ್ತಿತ್ತು. ನಾವು ಅದನ್ನು ಡೀಸೆಲ್ಲಿನಲ್ಲಿ ಅದ್ದಿ, ತುಸು ಹೊತ್ತು ತಡೆದು, ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಒಂದು ಸಾಲು ಕಂಪ್ಯೂಟರ್ ಕೋಡ್ ಇಲ್ಲದೆ.

ಸ್ಟುಟ್‌ಗಾರ್ಟ್ ಕನ್ನಡಿಗ:
ರಾಯರೇ, ನಿಮಗೆ ನಮಸ್ಕಾರ. ಆದರೆ ಆ ಪಂಪಿನಲ್ಲಿ ಒತ್ತಡ ಎಂಜಿನ್ನಿನ ವೇಗಕ್ಕೆ ಕಟ್ಟಿಹಾಕಿಕೊಂಡಿತ್ತು. ನಿಧಾನ ಓಡುವಾಗ ಒತ್ತಡ ಕಡಿಮೆ, ಅದಕ್ಕೇ ಹೊಗೆ, ಅದಕ್ಕೇ ಸದ್ದು. ಕಾಮನ್ ರೈಲ್ ಆ ಗಂಟನ್ನು ಬಿಚ್ಚಿತು. ಒಂದು ಪಂಪು ದಪ್ಪ ಕೊಳವೆಯಲ್ಲಿ ಒತ್ತಡ ತುಂಬಿಸಿಡುತ್ತದೆ, ಯಾವಾಗ ಎಷ್ಟು ಬಿಡಬೇಕೆಂಬುದು ಸಿಲಿಂಡರಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ಪಾಲು. ಮುಖ್ಯ ಇಂಧನಕ್ಕೆ ಮೊದಲು ಒಂದು ಚಿಟಿಕೆ ಬಿಟ್ಟರೆ ಡೀಸೆಲ್ಲಿನ ಆ ಕಟಕಟ ಅರ್ಧ ಅಡಗುತ್ತದೆ. 1997ರ ಆಲ್ಫಾ ರೋಮಿಯೋ 156 ಈ ವ್ಯವಸ್ಥೆಯ ಮೊದಲ ಕಾರು, ಒತ್ತಡ 1350 ಬಾರ್.

ಪ್ಲಂಜರ್ ರಾಯರು:
ಕಾರಿನಲ್ಲಿ ಮೊದಲು ಎಂದು ಸರಿಯಾಗಿ ಹೇಳಿದಿರಿ. 1995ರಲ್ಲೇ ಜಪಾನಿನ ಡೆನ್ಸೋ ಹಿನೋ ಲಾರಿಗೆ ಹಾಕಿತ್ತು. ಅದಕ್ಕೂ ಮೊದಲು, 1960ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ರಾಬರ್ಟ್ ಹೂಬರ್ ಇದರ ಮಾದರಿ ಮಾಡಿದ್ದರು. ಫಿಯೆಟ್‌ನವರು ಬೆಳೆಸಿ, ಕೊನೆಗೆ ಬಾಷ್‌ಗೆ ಮಾರಿದರು. ಒಂದು ಕೊರತೆಯನ್ನೂ ಹೇಳಿ: ನನ್ನ ಪಂಪಿನಲ್ಲಿ ಪ್ಲಂಜರನ್ನು ಎತ್ತುವ ಕ್ಯಾಮಿಗೆ ಎಂಜಿನ್ ಆಯಿಲ್ ಸಿಗುತ್ತಿತ್ತು. ಕಾರುಗಳ ಕಾಮನ್ ರೈಲ್ ಪಂಪಿಗೆ ಸಾಮಾನ್ಯವಾಗಿ ಡೀಸೆಲ್ಲೇ ಆಯಿಲ್. ಬಂಕಿನ ಹುಡುಗ ಮರೆತು ಪೆಟ್ರೋಲ್ ಹಾಕಿದರೆ ಪಂಪು ತನ್ನನ್ನೇ ತೇಯ್ದುಕೊಂಡು ಲೋಹದ ಪುಡಿಯನ್ನು ಇಂಜೆಕ್ಟರಿನವರೆಗೂ ಕಳುಹಿಸುತ್ತದೆ.

ಹುಬ್ಬಳ್ಳಿ ಗ್ಯಾರೇಜು:
ನೂರಕ್ಕೆ ನೂರು. ಹಾಗೆ ಬಂದ ಗಾಡಿಗೆ ಕೀ ತಿರುಗಿಸಲೂ ಬಿಡುವುದಿಲ್ಲ ನಾನು, ಮೊದಲು ಟ್ಯಾಂಕು ಖಾಲಿ. ಇನ್ನೊಂದು: ಕಾಮನ್ ರೈಲ್ ಕೊಳವೆ ಸೋರುತ್ತಿದೆಯೇ ಎಂದು ಯಾರೂ ಬೆರಳಿಟ್ಟು ನೋಡಬೇಡಿ. ಕಣ್ಣಿಗೆ ಕಾಣದ ಆ ಎಳೆ ಚರ್ಮವನ್ನು ಸೂಜಿಯಂತೆ ಸೀಳಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿಯಿರಿ.

ಕಾಯ್ದೆ ಓದುಗ:
ಯಾರು ಕಂಡುಹಿಡಿದರು ಎಂಬುದಕ್ಕಿಂತ ಯಾವಾಗ ಬಳಕೆಗೆ ಬಂತು ಎಂದು ನೋಡಿ. ಅಮೆರಿಕದ ಬೆಂಡಿಕ್ಸ್ ಕಂಪನಿ 1957ರಲ್ಲೇ, ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಅಳತೆಯಾಗಿ ಚಿಮ್ಮಿಸುವ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಂದಿತ್ತು. 1958ರ ಕೆಲವು ಕ್ರೈಸ್ಲರ್ ಕಾರುಗಳಿಗೆ ಹಾಕಿದರು, ಹೆಚ್ಚಿನವನ್ನು ಮತ್ತೆ ಕಾರ್ಬುರೇಟರಿಗೆ ಬದಲಾಯಿಸಬೇಕಾಯಿತು. ಪೇಟೆಂಟು ಬಾಷ್ ಕೈಸೇರಿತು. ಆ ಇಂಜೆಕ್ಷನ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಗೆದ್ದದ್ದು ಅಮೆರಿಕದಲ್ಲಿ ಹೊಗೆಯ ನಿಯಮ ಬಂದದ್ದರಿಂದ. ನಮ್ಮಲ್ಲೂ ಅಷ್ಟೆ. 2020ರ ಏಪ್ರಿಲ್ 1ಕ್ಕೆ ಬಿಎಸ್ 6 ಎಂಬ ಹೊಗೆಯ ನಿಯಮ ಬಂತು, ಬುಲೆಟ್ ಸವಾರರ ಆ ಕಾಕ್ ಹೆಚ್ಚಿನ ಹೊಸ ಬೈಕುಗಳಿಂದ ಮಾಯವಾಯಿತು. ಕಾಯ್ದೆ ಬರದಿದ್ದರೆ ಇನ್ನೂ ಚೋಕ್ ಎಳೆಯುತ್ತಿದ್ದೆವು.

ಬುಲೆಟ್ ಸವಾರ:
ನಾನು ಈಗಲೂ ಎಳೆಯುತ್ತೇನೆ.

ಹುಬ್ಬಳ್ಳಿ ಗ್ಯಾರೇಜು:
ಕಾಯ್ದೆ ಓದುಗರೇ, ಹೊಗೆಗೆ ಕಾಯ್ದೆ ಬಂತು, ರಿಪೇರಿಗೆ ಏಕೆ ಬರಲಿಲ್ಲ? 2020ರಲ್ಲಿ ಟೊಯೋಟಾ ಕಂಪನಿಯೇ ಪಂಪಿನೊಳಗಿನ ಪ್ಲಾಸ್ಟಿಕ್ ಚಕ್ರ ಪೆಟ್ರೋಲ್ ಹೀರಿ ಉಬ್ಬುತ್ತದೆಂದು ಜಗತ್ತಿನಾದ್ಯಂತ ಲಕ್ಷಾಂತರ ಕಾರುಗಳನ್ನು ವಾಪಸು ಕರೆಯಿತು. ಅಂಥವರಿಗೇ ಹೀಗಾದರೆ, ಎಥನಾಲ್ ಬೆರೆತು ನೀರು ಹೀರುವ ಈಗಿನ ಪೆಟ್ರೋಲಿನಲ್ಲಿ, ಮಳೆಗಾಲದಲ್ಲಿ ಟ್ಯಾಂಕಿನ ತಳದಲ್ಲೇ ಕೂತ ಪಂಪಿನ ಪಾಡೇನು? ಹೊಸ ಗಾಡಿಗಳ ಭಾಗಗಳು ತಡೆಯುತ್ತವೆ. ಹಾಸನದವರ ಎಂಟು ವರ್ಷದ್ದು?

ಹಾಸನದ ಹುಡುಗ:
ಬೇರೆ ಮೆಕ್ಯಾನಿಕ್ ಬಳಿ ತೆಗೆಸಿದೆ. ಹಿಂದಿನ ಸೀಟು ಎತ್ತಿದರೆ ಕೆಳಗೊಂದು ಮುಚ್ಚಳ, ಅದರಡಿಯಲ್ಲೇ ಪಂಪು. ಅರ್ಧ ಗಂಟೆಯ ಕೆಲಸ. ಜಾಲರಿ ಕಾಫಿ ಸೋಸಿದ ಬಟ್ಟೆಯಂತೆ ಕಪ್ಪಾಗಿತ್ತು. ಮೋಟಾರು ಮತ್ತು ಜಾಲರಿ ಮಾತ್ರ ಬದಲಾಯಿಸಿದರು, ಎರಡು ಸಾವಿರದ ಎಂಟುನೂರು. ಅರ್ಧ ಟ್ಯಾಂಕು ತುಂಬಿಸಿದ್ದೇನೆ.

ಹಳೆಯ ಮೋಟಾರನ್ನು ಮನೆಗೆ ತಂದಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಬೆರಳಿನಿಂದ ಒತ್ತುವ ಸನ್ನೆ ಎಲ್ಲಿದೆ?" ಎಂದರು.

ಘಟ್ಟದ ಚಾಲಕ:
ಪಂಚೆಯ ವಿಷಯ ಕೇಳಿದೆಯೋ ಇಲ್ಲವೋ?