ಯಾವ ದೇಶದ ಸರ್ಕಾರ ವಿದ್ಯಾರ್ಥಿಗೆ ಏನು ಕೊಡುತ್ತದೆ, ಅರ್ಜಿ ಎಲ್ಲಿ ಕೆಡುತ್ತದೆ?

ಪ್ರಶ್ನೆ: ಜರ್ಮನಿ, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಪದವಿ ಓದುವವರಿಗೆ ಅಲ್ಲಿನ ಸರ್ಕಾರದ ನೆರವು ಯಾರಿಗೆ ಸಿಗುತ್ತದೆ? ಅದರಲ್ಲಿ ಅನುದಾನ ಎಷ್ಟು, ಸಾಲ ಎಷ್ಟು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ಮೊತ್ತ ಆಮೇಲೆ, ಮೊದಲು ವೀಸಾ ನೋಡಿಕೊಳ್ಳಿ. ಬರೀ ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಈ ನಾಲ್ಕೂ ದೇಶಗಳ ಮುಖ್ಯ ಯೋಜನೆಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಅಂಥವರಿಗೆ ದಾರಿ ಎಂದರೆ ಜರ್ಮನಿಯ ಡಾಡ್, ಬ್ರಿಟನ್ನಿನ ಚೀವ್ನಿಂಗ್, ಅಮೆರಿಕದ ಫುಲ್‌ಬ್ರೈಟ್ ತರಹದ ಸ್ಕಾಲರ್‌ಶಿಪ್‌ಗಳು. ಇವು ಹೆಚ್ಚಾಗಿ ಪದವಿಯ ನಂತರದ ಓದಿಗೆ. ಚೀವ್ನಿಂಗ್‌ಗಂತೂ 2,800 ಗಂಟೆ ಕೆಲಸದ ಅನುಭವ ಬೇಕು.

ಉತ್ತರ 2: ಜರ್ಮನಿ ಸರ್ಕಾರದ ವಿದ್ಯಾರ್ಥಿ ನೆರವಾದ ಬಾಫೋಗ್ ಬಗ್ಗೆ. ಅರ್ಧ ಅನುದಾನ, ಅರ್ಧ ಬಡ್ಡಿಯಿಲ್ಲದ ಸಾಲ. ಎಷ್ಟೇ ಪಡೆದಿದ್ದರೂ ತೀರಿಸಬೇಕಾದದ್ದು ಗರಿಷ್ಠ 10,010 ಯೂರೊ, ಅಂದರೆ 130 ಯೂರೊದ 77 ಕಂತು. ಮನೆಯಿಂದ ದೂರವಿದ್ದು ಸ್ವಂತ ಆರೋಗ್ಯ ವಿಮೆ ಕಟ್ಟುವವರಿಗೆ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ತಿಂಗಳಿಗೆ 992 ಯೂರೊವರೆಗೆ ಬರುತ್ತದೆ.

ಬಹಳಷ್ಟು ಜನ ಹಣ ಕಳೆದುಕೊಳ್ಳುವುದು ದಿನಾಂಕದಲ್ಲಿ. ಅರ್ಜಿ ಕೊಟ್ಟ ತಿಂಗಳಿಂದಷ್ಟೇ ಹಣ, ಹಿಂದಿನ ತಿಂಗಳುಗಳದ್ದು ಬರುವುದಿಲ್ಲ. ದಾಖಲೆ ಪೂರ್ತಿಯಾಗಲಿ ಎಂದು ಕಾಯಬೇಡಿ. ನೆರವು ಬೇಕೆಂದು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ತಿಂಗಳು ಮುಗಿಯುವ ಮುಂಚೆ ಕೊಡಿ, ಫಾರಂಗಳನ್ನು ಆಮೇಲೆ ಸೇರಿಸಿ. ಲೆಕ್ಕಕ್ಕೆ ಹಿಡಿಯುವುದು ತಂದೆ-ತಾಯಿಯ ಎರಡು ವರ್ಷ ಹಿಂದಿನ ಆದಾಯ. ಈಗ ಆದಾಯ ಇಳಿದಿದ್ದರೆ ಈಗಿನದನ್ನೇ ಹಿಡಿಯುವಂತೆ ಕೇಳುವ ಪ್ರತ್ಯೇಕ ಅರ್ಜಿ ಇದೆ. 30 ವರ್ಷದೊಳಗಿನವರ ಹೆಸರಿನಲ್ಲಿ 15,000 ಯೂರೊಗಿಂತ ಹೆಚ್ಚು ಉಳಿತಾಯವಿದ್ದರೆ ನೆರವು ಕಡಿತವಾಗುತ್ತದೆ. ಮನೆಯವರು ಮಗುವಿನ ಹೆಸರಿನಲ್ಲಿ ಇಟ್ಟ ಠೇವಣಿಯೂ ಇದರಲ್ಲಿ ಸೇರುತ್ತದೆ. ಮುಚ್ಚಿಡಬೇಡಿ, ತೆರಿಗೆ ದಾಖಲೆಗಳೊಂದಿಗೆ ತಾಳೆ ನೋಡುತ್ತಾರೆ.

ಉತ್ತರ 3: ಅಮೆರಿಕದಲ್ಲಿ ಎಲ್ಲದಕ್ಕೂ ಬಾಗಿಲು ಫಾಫ್ಸಾ, ಅಂದರೆ ಫೆಡರಲ್ (ಕೇಂದ್ರ ಸರ್ಕಾರದ) ನೆರವಿಗೆ ತುಂಬುವ ಅರ್ಜಿ. ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಕಡಿಮೆ ಆದಾಯದ ಮನೆಯವರಿಗೆ ಸಿಗುವ ಪೆಲ್ ಅನುದಾನ ತೀರಿಸುವಂಥದ್ದಲ್ಲ, 2025-26ಕ್ಕೆ ಗರಿಷ್ಠ 7,395 ಡಾಲರ್. ಹೆತ್ತವರ ಆಶ್ರಯದಲ್ಲಿರುವ ಮೊದಲ ವರ್ಷದವರಿಗೆ ಫೆಡರಲ್ ಸಾಲ 5,500 ಡಾಲರ್‌ವರೆಗೆ. ಅದರಲ್ಲಿ ಹೆಚ್ಚೆಂದರೆ 3,500ರ ಮೇಲಿನ ಬಡ್ಡಿಯನ್ನು ಓದು ಮುಗಿಯುವ ತನಕ ಸರ್ಕಾರವೇ ಭರಿಸುತ್ತದೆ. ಅರ್ಜಿಯಲ್ಲಿ ಹೆಸರಿರುವ ಪೋಷಕರು ತಮ್ಮದೇ ಆನ್‌ಲೈನ್ ಲಾಗಿನ್ ಖಾತೆಯಿಂದ, ತೆರಿಗೆ ಮಾಹಿತಿ ಪಡೆಯಲು ಒಪ್ಪಿಗೆ ಕೊಡಲೇಬೇಕು. ತೆರಿಗೆ ವಿವರ ಸಲ್ಲಿಸದವರೂ ಕೊಡಬೇಕು, ಇಲ್ಲದಿದ್ದರೆ ಫೆಡರಲ್ ನೆರವೇ ಇಲ್ಲ. ರಾಜ್ಯಗಳ ಗಡುವು ಫೆಡರಲ್ ಗಡುವಿಗಿಂತ ಬಹಳ ಮುಂಚೆ ಮುಗಿಯುವುದುಂಟು.

ಉತ್ತರ 4: ಇಂಗ್ಲೆಂಡ್‌ನಲ್ಲಿ ಮುಖ್ಯವಾಗಿ ಸಾಲವೇ. ಶುಲ್ಕದ ಸಾಲ ನೇರ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಜೀವನ ವೆಚ್ಚದ ಸಾಲ ನಿಮ್ಮ ಖಾತೆಗೆ. 2023ರ ಆಗಸ್ಟ್‌ನಿಂದೀಚೆಗೆ ಸೇರಿದವರು ವರ್ಷಕ್ಕೆ 25,000 ಪೌಂಡ್ ಮೀರಿದ ಸಂಬಳದ ಶೇ. 9 ಕಟ್ಟುತ್ತಾರೆ. ಸಂಬಳ 30,000 ಆದರೆ ವರ್ಷಕ್ಕೆ 450 ಪೌಂಡ್. 40 ವರ್ಷದ ನಂತರ ಉಳಿದದ್ದು ಮನ್ನಾ. ಸಾಲದ ಒಟ್ಟು ಮೊತ್ತ ಕಂಡು ಹೆದರಿ ಓದು ಬಿಡುವವರಿಗೆ ಈ ಲೆಕ್ಕವನ್ನು ದಯವಿಟ್ಟು ತೋರಿಸಿ.

ಉತ್ತರ 5: ಆಸ್ಟ್ರೇಲಿಯಾದಲ್ಲಿ ಶುಲ್ಕಕ್ಕೆ ಸರ್ಕಾರ ಕೊಡುವ ಹೆಕ್ಸ್-ಹೆಲ್ಪ್ ಸಾಲ ಕಾಯಂ ವಾಸದ ವೀಸಾ ಇದ್ದವರಿಗೂ ಸಾಮಾನ್ಯವಾಗಿ ಇಲ್ಲ. ಸರ್ಕಾರ ಶುಲ್ಕದ ಒಂದು ಭಾಗ ಭರಿಸುವ ರಿಯಾಯಿತಿ ಸೀಟು ಸಿಕ್ಕರೂ ತಮ್ಮ ಪಾಲನ್ನು ಮುಂಗಡ ಕಟ್ಟಬೇಕು. ಸಾಲ ಸಿಗುವವರು ಸೆನ್ಸಸ್ ದಿನಾಂಕದೊಳಗೆ (ವಿಷಯದ ಶುಲ್ಕ ಖಾಯಂ ಆಗುವ ಗಡುವಿನೊಳಗೆ) ತೆರಿಗೆ ಫೈಲ್ ಸಂಖ್ಯೆ ಕೊಟ್ಟಿರಬೇಕು. ವಿಷಯ ಬಿಡುವುದಿದ್ದರೂ ಆ ದಿನದೊಳಗೇ ಬಿಡಿ. ಮರುದಿನ ಬಿಟ್ಟರೆ ತರಗತಿಗೆ ಹೋಗದಿದ್ದರೂ ಸಾಲ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.